ಕೂಡಬಾರದ ಗಾಯ

ನನ್ನ ಮಗಳ ಮೇಲ್ತುಟಿಯಲ್ಲಿ ತೊಂದರೆಯಿದೆ ಎಂದು ಕಂಡುಹಿಡಿದವನು ನಾನಲ್ಲ. ಜಾವಗಲ್ಲಿನ ಶಾಲೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಇನ್ನೂರು ಚಿಲ್ಲರೆ ಮಕ್ಕಳ ಹಲ್ಲು ತಪಾಸಣೆ ಮಾಡುತ್ತಿದ್ದವನು ಮಾತ್ರ ನಾನೇ.

ನಾನು ಡ್ರಿಲ್ ಮಾಸ್ಟರು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲಿನಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿ ಉಗುರು ತೋರಿಸಬೇಕು, ಆಮೇಲೆ ಹಲ್ಲು ಕಿರಿಯಬೇಕು. ಕೊಳೆ ಕಂಡರೆ ಸಾಲಿನಿಂದ ಆಚೆ. ಕೈಪಂಪಿನ ಹತ್ತಿರ ಹೋಗಿ ಬೆರಳಲ್ಲಿ ಉಜ್ಜಿಕೊಂಡು ಬರಬೇಕು. ಈ ಪದ್ಧತಿಯನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಮಾಡಿಕೊಂಡದ್ದು. ಅದರ ಬಗ್ಗೆ ಜಂಬವೂ ಇತ್ತು.

ಆ ಸೋಮವಾರ ಮೂರನೇ ಕ್ಲಾಸಿನ ಸಾಲಿನಲ್ಲಿ ನನ್ನ ಮಗಳು ಪವಿತ್ರ ಬಾಯಿ ಬಿಡಲಿಲ್ಲ.

"ಹಲ್ಲು," ಅಂದೆ.

ತುಟಿ ಬಿಗಿ ಹಿಡಿದು ನೆಲ ನೋಡಿದಳು. ಮಾಸ್ಟರ ಮಗಳಿಗೆ ಬೇರೆ ಕಾನೂನು ಎಂದು ನಾಳೆ ಯಾರೂ ಅನ್ನಬಾರದಲ್ಲ. ಗಲ್ಲ ಹಿಡಿದು ಮುಖ ಎತ್ತಿದೆ. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಕಡಲೆಬೇಳೆ ತೂರುವಷ್ಟು ಸಂದು. ಅದು ಮೊದಲಿನಿಂದ ಇದ್ದದ್ದೇ, ಹಾಲುಹಲ್ಲಿನಲ್ಲೂ ಇತ್ತು. ಸಂದಿನ ಎರಡೂ ಬದಿಗೆ, ವಸಡಿನ ಅಂಚಿನುದ್ದಕ್ಕೆ, ಹಳದಿ ಪಾಚಿ.

"ಎಲ್ರೂ ನೋಡ್ರಪ್ಪಾ, ಡ್ರಿಲ್ ಮಾಸ್ಟರ ಮಗಳ ಹಲ್ಲು ಹೆಂಗೈತೆ!"

ಮಕ್ಕಳು ನಕ್ಕರು. ನಾನು ನಗಿಸಿದ್ದಕ್ಕೆ ನಕ್ಕರು, ಅವರ ತಪ್ಪೇನಿಲ್ಲ.

ಅವಳು ಕೈಪಂಪಿನಿಂದ ವಾಪಸು ಬಂದಾಗ ಬಿಳಿ ಅಂಗಿಯ ಎದೆಯ ಮೇಲೆ ರಕ್ತವಿತ್ತು.

ಮನೆಯಲ್ಲೂ ಪ್ರತಿದಿನ ಬೆಳಿಗ್ಗೆ ಇದೇ ಜಗಳ. ಅವಳಿಗೆ ಎರಡು ವರ್ಷ ತುಂಬಿದಾಗಿನಿಂದ ಹಲ್ಲುಜ್ಜುವ ಕೆಲಸ ನನ್ನದು. ಹೆಂಡತಿ ಗಿರಿಜೆಯ ಕೈಯಲ್ಲಿ ಆಗುವುದಿಲ್ಲ, ಅವಳದು ಮೆತ್ತನೆಯ ಕೈ ಎಂದು ನಾನೇ ವಹಿಸಿಕೊಂಡಿದ್ದೆ. ಎಡಗೈ ಹೆಬ್ಬೆರಳಿನಿಂದ ಮೇಲ್ತುಟಿ ಎತ್ತಿ ಹಿಡಿಯುವುದು, ಬಲಗೈ ತೋರುಬೆರಳಿಗೆ ಹಲ್ಲುಪುಡಿ ಮತ್ತು ಉಪ್ಪು ಹಚ್ಚಿ ತಿಕ್ಕುವುದು. ಕೆಳಗಿನ ಸಾಲಿಗೆ ತಕರಾರಿಲ್ಲ. ಮೇಲ್ತುಟಿಗೆ ಕೈ ಹಾಕಿದ ಕೂಡಲೆ ಚೀರುತ್ತಿದ್ದಳು, ನನ್ನ ಮಣಿಕಟ್ಟು ಪರಚುತ್ತಿದ್ದಳು. ಹಠಮಾರಿ ಎಂದುಕೊಂಡೆ. ಎಷ್ಟೋ ಸಲ ಬೆನ್ನಿಗೆ ಗುದ್ದಿದ್ದೂ ಉಂಟು. ತುಟಿ ಬಿಗಿಯಾಗಿದ್ದಷ್ಟೂ ನಾನು ಜೋರಾಗಿ ಎಳೆದೆ. ಬಿಗಿ ಯಾಕಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಹೆಡ್ ಮೇಡಂ ಅಂಗಿಯ ಮೇಲಿನ ರಕ್ತ ನೋಡಿ ನನ್ನನ್ನು ಆಫೀಸ್ ರೂಮಿಗೆ ಕರೆದರು. ಬೈಯಲಿಲ್ಲ. "ಇವತ್ತೇ ಡಾಕ್ಟರಿಗೆ ತೋರಿಸಿ ಮಾಸ್ಟ್ರೇ, ರಜ ನಾನು ಹಾಕ್ಕೊಡ್ತೀನಿ," ಅಂದರು. ಮಧ್ಯಾಹ್ನದ ಬಸ್ಸಿಗೆ ಅರಸೀಕೆರೆಗೆ ಹೋದೆವು.

ಸ್ಟೇಷನ್ ರಸ್ತೆಯಲ್ಲಿ ಕೊಬ್ಬರಿ ಮಂಡಿಯೊಂದರ ಮೇಲೆ ದಂತವೈದ್ಯರ ಕ್ಲಿನಿಕ್ಕು. ಮೆಟ್ಟಿಲ ತುಂಬ ಕೊಬ್ಬರಿಯ ಕಮಟು ವಾಸನೆ. ಡಾಕ್ಟರು ಹೆಚ್ಚು ಮಾತಿನವರಲ್ಲ. ಪವಿತ್ರಳನ್ನು ಕುರ್ಚಿಯಲ್ಲಿ ಒರಗಿಸಿ, ತುಟಿಯ ಹೊರಗಡೆ ಎರಡು ಬೆರಳಿಟ್ಟು, ಅವಳಿಗೆ ಗೊತ್ತೇ ಆಗದ ಹಾಗೆ ಮೇಲೆತ್ತಿದರು.

ಅವಳು ಚೀರಲಿಲ್ಲ.

"ಬನ್ನಿ, ನೀವೇ ನೋಡಿ. ತುಟಿ ಎತ್ತಿದ ಕೂಡ್ಲೆ ಹಲ್ಲಿನ ನಡುವಿನ ವಸಡು ಬಿಳಿಚಿಕೊಳ್ಳುತ್ತೆ," ಅಂದರು. ನಾನು ದೂರದಿಂದಲೇ ತಲೆಯಾಡಿಸಿದೆ. ಹತ್ತಿರ ಹೋಗಿ ನೋಡಲು ಧೈರ್ಯ ಬರಲಿಲ್ಲ.

ಅವರು ಹೇಳಿದ್ದು ಇಷ್ಟು. ಮೇಲ್ತುಟಿಯ ಒಳಗಿನಿಂದ ವಸಡಿಗೆ ಒಂದು ತೆಳು ಎಳೆ ಇರುತ್ತದೆ, ಅದಕ್ಕೆ ಫ್ರೀನಮ್ ಎನ್ನುತ್ತಾರೆ. ಎಲ್ಲರಿಗೂ ಇರುತ್ತದೆ, ನಾಲಿಗೆಯ ತುದಿಯಿಂದ ತಡವಿದರೆ ಈಗಲೇ ನಿಮಗೂ ಸಿಗುತ್ತದೆ. ಇವಳಿಗೆ ಅದು ಎಳೆಯಲ್ಲ, ಪಟ್ಟಿ. ದಪ್ಪವಾಗಿ ಬೆಳೆದು, ಕೆಳಗಿಳಿದು, ಎರಡು ಹಲ್ಲುಗಳ ನಡುವೆ ತೂರಿ ಅಂಗುಳಿನ ಕಡೆ ಹೋಗಿಬಿಟ್ಟಿದೆ. ತುಟಿ ಅಲ್ಲಾಡಿದಾಗಲೆಲ್ಲ ವಸಡನ್ನು ಎಳೆಯುತ್ತದೆ. ನೋವಾಗುವುದರಿಂದ ಮಗು ಆ ಜಾಗ ಉಜ್ಜುವುದಿಲ್ಲ. ಉಜ್ಜದೆ ಪಾಚಿ, ಪಾಚಿಯಿಂದ ವಸಡಿನ ಬಾವು. ಎಡಗಡೆಯ ಹಲ್ಲಿನ ವಸಡು ಆಗಲೇ ಸ್ವಲ್ಪ ಮೇಲಕ್ಕೆ ಸರಿದಿತ್ತು.

"ಉಜ್ಜುವಾಗ ಯಾರಾದ್ರೂ ತುಟಿ ಹಿಡಿದು ಎಳೀತಾರಾ ಪುಟ್ಟಿ?" ಡಾಕ್ಟರು ಕೇಳಿದರು.

ಪವಿತ್ರ ನನ್ನ ಕಡೆ ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು.

ಆ ಕ್ಷಣದ ನಾಚಿಕೆಯನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. ಎಂಟು ವರ್ಷದ ಮಗು ನನ್ನ ಮಾನ ಕಾಯಿತು.

ಡಾಕ್ಟರಿಗೆ ಅವಸರವಿರಲಿಲ್ಲ. ಕೋರೆಹಲ್ಲು ಮೂಡುವಾಗ ಎಷ್ಟೋ ಮಕ್ಕಳಿಗೆ ಸಂದು ತಾನಾಗಿ ಕಿರಿದಾಗುತ್ತದೆ, ಹನ್ನೊಂದು ಹನ್ನೆರಡರ ತನಕ ಕಾಯೋಣ, ಅಲ್ಲಿಯತನಕ ಮೆತ್ತನೆಯ ಬ್ರಷ್ಷಿನಲ್ಲಿ ತುಟಿ ಎಳೆಯದೆ ಉಜ್ಜಲಿ, ವಸಡನ್ನು ಆಗಾಗ ತೋರಿಸಿ ಎಂದರು. ಆಪರೇಷನ್ನೇ ಬೇಕೆಂದರೆ ಎರಡು ಥರ. ಪಟ್ಟಿಯನ್ನು ಬರೀ ಅಡ್ಡಕ್ಕೆ ಕತ್ತರಿಸಿ ಬಿಡುವುದು ಒಂದು. ಐದು ನಿಮಿಷದ ಕೆಲಸ, ಹೊಲಿಗೆಯಿಲ್ಲ, ಆದರೆ ಇಷ್ಟು ದಪ್ಪದ್ದಕ್ಕೆ ಅದು ನಿಲ್ಲುವುದು ಅನುಮಾನ. ಇನ್ನೊಂದು, ಬೇರುಸಮೇತ ಬಿಡಿಸಿ ತೆಗೆದು ಹೊಲಿಗೆ ಹಾಕುವುದು. ಅದಕ್ಕೆ ಫ್ರೀನೆಕ್ಟಮಿ ಎಂದು ಹೆಸರು. ಅದನ್ನು ಬೇಗ ಮಾಡಿದರೆ ಕಲೆ ಗಟ್ಟಿಯಾಗಿ ಸಂದು ಮುಚ್ಚುವುದಕ್ಕೇ ಅಡ್ಡ ಬರಬಹುದು.

ಕಾಯಿರಿ ಎಂದು ಇಷ್ಟು ಬಿಡಿಸಿ ಹೇಳಿದರೂ ನಾನು ಕಾಯಲಿಲ್ಲ. ಚಿಕ್ಕದನ್ನು ಮಾಡಿಬಿಡಿ ಎಂದು ಪಟ್ಟು ಹಿಡಿದೆ. ಮಗಳ ವಸಡಿಗಾಗಿ ಎಂದು ಎಲ್ಲರಿಗೂ ಹೇಳಿದೆ. ಈಗ ನಿಜ ಹೇಳುತ್ತೇನೆ. ಆ ಪಟ್ಟಿ ಅಲ್ಲಿರುವ ತನಕ ನಾನು ಆರು ವರ್ಷ ಮಾಡಿದ್ದು ಕಣ್ಣೆದುರು ಇರುತ್ತಿತ್ತು. ನನ್ನ ತಪ್ಪನ್ನು ಬೇಗ ಕತ್ತರಿಸಿ ಹಾಕಿಸಬೇಕಿತ್ತು, ಅಷ್ಟೆ.

ಮೂರು ಸಲ ಹೋಗಿ ಕಾಡಿದ ಮೇಲೆ ಡಾಕ್ಟರು ಒಪ್ಪಿದರು. ದಸರಾ ರಜೆಯಲ್ಲಿ ಆಯಿತು. ಒಂದು ಇಂಜೆಕ್ಷನ್, ಒಂದು ಕತ್ತರಿ, ಒಂದಿಷ್ಟು ಹತ್ತಿ. ಹೊರಡುವಾಗ ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದರು.

"ಕತ್ತರಿಸಿದ್ದು ಅರ್ಧ ಕೆಲಸ ಮಾಸ್ಟ್ರೇ. ಎರಡು ಅಂಚೂ ಮತ್ತೆ ಕೂಡಬಾರ್ದು. ನಾಳೆಯಿಂದ ದಿನಕ್ಕೆ ನಾಲ್ಕೈದು ಸಲ ತುಟಿ ಮೇಲೆತ್ತಿ ವ್ಯಾಯಾಮ ಮಾಡಿಸಬೇಕು. ಅಳ್ತಾಳೆ ಅಂತ ಬಿಡಬೇಡಿ. ವ್ಯಾಯಾಮ ನಿಮಗೆ ನಾನು ಹೇಳಿಕೊಡಬೇಕೆ?"

ನಕ್ಕು ಬೆನ್ನು ತಟ್ಟಿದರು. ನಾನೂ ನಕ್ಕೆ.

ಮನೆಯಲ್ಲಿ ನಮ್ಮವ್ವ ಬಾಗಿಲಲ್ಲೇ ಕಾದಿದ್ದಳು. ಅವ್ವನಿಗೆ ಗಾಯದ ವಿಷಯದಲ್ಲಿ ಊರಿನಲ್ಲಿ ಹೆಸರಿತ್ತು. ಬಾಣಂತಿಯಿಂದ ಹಿಡಿದು ಮಚ್ಚು ತಾಗಿಸಿಕೊಂಡ ಕಾಯಿ ಸುಲಿಯುವವರ ತನಕ ಅವಳ ಪಥ್ಯ ಮಾಡಿ ಗುಣವಾದವರೇ. ಕೂಡಬಾರದು ಎಂದು ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಗಾಯ ಕೂಡ್ಬಾರ್ದಾ? ಅದೆಂಥ ಡಾಕ್ಟ್ರೋ ಅವ್ನು! ಗಾಯ ಅಂದ್ಮೇಲೆ ಕೂಡ್ಬೇಕು ಕಣೋ. ನಿಂಗೆ ಕಿವಿ ಸರಿಯಾಗಿ ಕೇಳ್ಸಿಲ್ಲ."

ನಮ್ಮ ಕಡೆ ಗಾಯ ವಾಸಿಯಾಯಿತು ಎನ್ನುವುದಕ್ಕೆ ಗಾಯ ಕೂಡಿತು ಎಂದೇ ಹೇಳುವುದು. ಕೂಡುವುದೆಂದರೆ ಒಳ್ಳೆಯದು. ಗಾಯ ಕೂಡಲಿಲ್ಲ ಎಂದರೆ ಮನೆಯವರ ಎದೆ ಒಡೆಯುತ್ತದೆ. ಕೂಡದ ಹಾಗೆ ನೋಡಿಕೊಳ್ಳಿ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ತಲೆಗೂ ಹತ್ತುವಂಥದ್ದಲ್ಲ. ನನ್ನ ತಲೆಗೂ ಪೂರ್ತಿ ಹತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಅವ್ವ ಪಥ್ಯ ಶುರು ಮಾಡಿದಳು. ಎಂಟು ದಿನ ಮಾತಾಡಬಾರದು, ನಗಬಾರದು, ತುಟಿ ಅಲ್ಲಾಡಿಸಬಾರದು. ಗಂಜಿ, ಹಾಲನ್ನ, ಅದೂ ಚಮಚದಲ್ಲಿ. ಏನಾದರೂ ಬೇಕಿದ್ದರೆ ಸ್ಲೇಟಿನ ಮೇಲೆ ಬರೆದು ತೋರಿಸಬೇಕು. ಪವಿತ್ರಳಿಗೆ ಅದು ಆಟದಂತೆ ಹಿಡಿಸಿತು. ಅವ್ವನ ಮಡಿಲು ಬಿಟ್ಟು ಏಳಲಿಲ್ಲ.

ಮೊದಲ ದಿನ ಬೆಳಿಗ್ಗೆ ನಾನು ಕೈ ತೊಳೆದುಕೊಂಡು ಹತ್ತಿರ ಹೋದೆ. ನನ್ನ ಬೆರಳು ಮುಖದ ಹತ್ತಿರ ಬರುವುದಕ್ಕೆ ಮುಂಚೆಯೇ ಅವಳು ಕಣ್ಣು ಮುಚ್ಚಿ, ಕತ್ತು ಹೆಗಲಿನೊಳಗೆ ಎಳೆದುಕೊಂಡಳು. ಅಳಲಿಲ್ಲ. ಏಟಿಗೆ ಕಾಯುವವರ ಹಾಗೆ ಸುಮ್ಮನೆ ಕೂತಳು.

ನಾನು ಎದ್ದು ಬಂದೆ.

ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ಹೋಗಲೇ ಇಲ್ಲ. "ವ್ಯಾಯಾಮ?" ಎಂದು ಗಿರಿಜೆ ಕೇಳಿದಳು. "ನಾನ್ ಮಾಡಿಸ್ಲಾ?" ಎಂದೂ ಕೇಳಿದಳು. "ಸುಮ್ನಿರು, ಪಾಪ ಈಗ ತಾನೆ ಚೇತರಿಸ್ಕೋತಿದೆ," ಅಂದೆ. ಮೆತ್ತಗಿರಬೇಕಾದ ಆರು ವರ್ಷ ಕಲ್ಲಾಗಿದ್ದೆ. ಗಟ್ಟಿಯಾಗಬೇಕಾದ ಎಂಟು ದಿನ ಬೆಣ್ಣೆಯಾದೆ. ಶಾಲೆಯ ಮಕ್ಕಳಿಗೆಲ್ಲ ಒಂದು ಎರಡು ಮೂರು ಎಂದು ವ್ಯಾಯಾಮ ಮಾಡಿಸುವವನು ಮನೆಯ ಒಂದು ಮಗುವಿಗೆ ಅರ್ಧ ಅಂಗುಲದ ವ್ಯಾಯಾಮ ಮಾಡಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಎಂಟನೇ ದಿನ ಅವ್ವ ಪವಿತ್ರಳನ್ನು ಅಂಗಳದ ಬಿಸಿಲಿಗೆ ಕೂರಿಸಿ ಬಾಯಿ ನೋಡಿದಳು. ಆಮೇಲೆ ಸಂತೋಷದಿಂದ ನನ್ನನ್ನು ಕೂಗಿದಳು.

"ಗಾಯ ಕೂಡ್ತು ಕಣೋ! ಒಂದಿಷ್ಟೂ ಗುರುತಿಲ್ದಂಗೆ ಕೂಡೈತೆ."

ಗಿರಿಜೆ ಸಿಹಿ ಮಾಡಿದಳು. ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ನಾನೂ ಹೋಳಿಗೆ ತಿಂದೆ, ಸುಳ್ಳು ಹೇಳುವುದಿಲ್ಲ.

ಹದಿನೈದನೇ ದಿನ ಅರಸೀಕೆರೆಯ ಡಾಕ್ಟರು ತುಟಿ ಎತ್ತಿ ನೋಡಿ, ಕೈಗವಸು ತೆಗೆದು, ಬಹಳ ಹೊತ್ತು ಕೈ ತೊಳೆದರು.

"ಪೂರ್ತಿ ಕೂಡಿಬಿಟ್ಟಿದೆ," ಅಂದರು.

ಅವರು ಬೈದಿದ್ದರೆ ಚೆನ್ನಾಗಿತ್ತು. ಮೊದಲಿದ್ದ ಪಟ್ಟಿಗಿಂತ ಈಗಿನದು ಬಿಗಿ, ಕಲೆಗಟ್ಟಿದೆ, ಮತ್ತೆ ಕೈ ಹಾಕುವುದಿದ್ದರೆ ಕೋರೆಹಲ್ಲು ಬಂದ ಮೇಲೆಯೇ ಎಂದು ಹೇಳಿ, ಮೆತ್ತನೆಯ ಬ್ರಷ್ಷೊಂದನ್ನು ಪವಿತ್ರಳ ಕೈಗೇ ಕೊಟ್ಟರು. ಅವತ್ತಿನಿಂದ ಅವಳ ಹಲ್ಲನ್ನು ಅವಳೇ ಉಜ್ಜಿಕೊಂಡಳು, ಬಚ್ಚಲ ಬಾಗಿಲು ಹಾಕಿಕೊಂಡು.

ಅವ್ವನಿಗೆ ವಿಷಯ ತಿಳಿದಾಗ, "ನನ್ ಬಾಯಿಗೆ ಮಣ್ಣ್ ಹಾಕ," ಅಂದಳು. ಆಮೇಲೆ ಯಾರ ಗಾಯಕ್ಕೂ ಅವಳು ಪಥ್ಯ ಹೇಳಿದ್ದನ್ನು ನಾನು ಕೇಳಲಿಲ್ಲ. ಅವ್ವನ ತಪ್ಪಲ್ಲ. ಕೂಡಬಾರದು ಎಂಬ ಮಾತನ್ನು ಕೇಳಿಸಿಕೊಂಡು ಬಂದವನು ನಾನು.

ನಾಲ್ಕು ವರ್ಷ ಹೀಗೇ ಹೋಯಿತು. ಸೋಮವಾರದ ತಪಾಸಣೆಯಲ್ಲಿ ಹಲ್ಲಿನ ಭಾಗ ಬಿಟ್ಟುಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ. ಪವಿತ್ರ ನಗುವಾಗ ಅಂಗೈ ಅಡ್ಡ ಹಿಡಿಯುವುದನ್ನು ರೂಢಿ ಮಾಡಿಕೊಂಡಳು. ಓದಿನಲ್ಲಿ ಮುಂದು, ಓಟದಲ್ಲಿ ಮುಂದು, ತಾಯಿಯ ಹತ್ತಿರ ಬಾಯಿತುಂಬ ಮಾತು. ನನ್ನ ಹತ್ತಿರ ಮಾತ್ರ "ಹೂಂ", "ಇಲ್ಲ", "ಆಯ್ತು". ಜ್ವರ ಬಂದರೆ ಹಣೆ ಮುಟ್ಟಿ ನೋಡಲು ಕೈ ಚಾಚಿದರೂ ಅದೇ, ಕತ್ತು ಹೆಗಲಿನೊಳಗೆ. ಬೇಕೆಂದು ಮಾಡುತ್ತಿರಲಿಲ್ಲ. ದೇಹಕ್ಕೆ ಕಲಿಸಿಬಿಟ್ಟಿದ್ದೆ. ದೇಹಕ್ಕೆ ಕಲಿಸುವುದೇ ನನ್ನ ಕಸುಬು, ಒಮ್ಮೆ ಕಲಿತದ್ದನ್ನು ಅದು ಬಿಡುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಸಡು ಸರಿದರೆ ಹಲ್ಲು ಉಳಿಸುವುದು ಹೇಗೆಂದು ಡಾಕ್ಟರನ್ನು ಕೇಳಬಹುದು. ಇದನ್ನು ಯಾರನ್ನು ಕೇಳುವುದು?

ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಕೋರೆಹಲ್ಲು ಎರಡೂ ಇಳಿದವು. ಸಂದು ಮುಚ್ಚಲಿಲ್ಲ. ಎಡಗಡೆಯ ಹಲ್ಲಿನ ವಸಡು ಇನ್ನಷ್ಟು ಮೇಲೆ ಸರಿದು ಹಲ್ಲು ಉದ್ದ ಕಾಣತೊಡಗಿತು. ಗಿರಿಜೆಯ ತವರು ಹಳೇಬೀಡು. ಅವಳ ಅಣ್ಣ, ಬೇಲೂರಿಗೆ ವಾರಕ್ಕೊಮ್ಮೆ ಒಬ್ಬ ಓರಲ್ ಸರ್ಜನ್ ಬರುತ್ತಾರೆ, ಹೆಂಗಸು, ನಿಧಾನಸ್ಥೆ ಎಂದು ಹೇಳಿಕಳಿಸಿದ. ಮೂವರೂ ಹೋದೆವು.

ಆ ಡಾಕ್ಟರಮ್ಮ ಎಲ್ಲವನ್ನೂ ಪವಿತ್ರಳಿಗೇ ಹೇಳಿದರು. ನಾನು ಪಕ್ಕದ ಸ್ಟೂಲಿನ ಮೇಲೆ ಇದ್ದೂ ಇಲ್ಲದಂತೆ ಕೂತಿದ್ದೆ.

"ನೋಡಮ್ಮ, ಬರೀ ಕತ್ತರಿಸೋದು ಇನ್ನು ಬೇಡ, ಅದರ ಕಥೆ ನಿನಗೇ ಗೊತ್ತು. ಬೆಂಗಳೂರಿಗೆ ಹೋದ್ರೆ ಲೇಸರ್ ಐತೆ, ರಕ್ತ ಕಮ್ಮಿ. ಆದ್ರೆ ಅದೂ ತೆಗೆಯೋ ಉಪಕರಣ ಅಷ್ಟೆ, ಮಂತ್ರ ಅಲ್ಲ. ಇಲ್ಲೇ ಮಾಡೋದಾದ್ರೆ ಹಲ್ಲಿನ ನಡುವಿನದನ್ನ ಬಿಡಿಸಿ ತೆಗೆದು, ಮೇಲಿನ ಗಾಯವನ್ನ ನೇರವಾಗಿ ಹೊಲೀಬಹುದು. ಇಲ್ಲಾಂದ್ರೆ ಝಡ್ ಆಕಾರದಲ್ಲಿ ತಿರುಗಿಸಿ ಹೊಲೀಬಹುದು."

"ಝಡ್ ಯಾಕೆ ಮೇಡಂ?"

ಡಾಕ್ಟರಮ್ಮ ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದರು. ಗಾಯ ಮಾಯುವಾಗ ಕುಗ್ಗುತ್ತದೆ. ನೇರ ಗೆರೆಯಾದರೆ ಉದ್ದಕ್ಕೆ ಕುಗ್ಗಿ ತುಟಿಯನ್ನು ಮತ್ತೆ ಕೆಳಗೆಳೆಯಬಹುದು. ಅಂಕುಡೊಂಕಾದರೆ ಎಳೆತ ಹಂಚಿಹೋಗುತ್ತದೆ, ತುಟಿಗೆ ಒಂದಿಷ್ಟು ಉದ್ದವೂ ಸಿಗುತ್ತದೆ. ಪವಿತ್ರ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಾಲು ನೇರವಿಲ್ಲ ಎಂದು ಜೀವಮಾನವಿಡೀ ಮಕ್ಕಳನ್ನು ಗದರಿಸಿದವನು ನಾನು. ನನಗೂ ಅದು ಅರ್ಥವಾಯಿತು.

ಕ್ರಮವಾಗಿ ನೋಡಿದರೆ ಮೊದಲು ಕ್ಲಿಪ್ ಹಾಕಿ ಸಂದು ಮುಚ್ಚಿಸಿ ಆಮೇಲೆ ಆಪರೇಷನ್ ಮಾಡಬೇಕಂತೆ. ಇವಳಿಗೆ ಆ ಜಾಗ ಉಜ್ಜಲೇ ಆಗುವುದಿಲ್ಲವಾದ್ದರಿಂದ ಆಪರೇಷನ್ ಮೊದಲು, ಗಾಯ ಮಾಗಿದ ಕೂಡಲೆ ಕ್ಲಿಪ್ ಎಂದರು. ಸರಿದ ವಸಡು ಪೂರ್ತಿ ವಾಪಸು ಬರುತ್ತದೆಂಬ ಭರವಸೆ ಕೊಡಲಾರೆ, ಇನ್ನೂ ಸರಿಯದಂತೆ ತಡೆಯಬಹುದು ಎಂದರು. ನಾಲ್ಕು ವರ್ಷದ ಹಿಂದೆಯೇ ಸರಿಯಾಗಿ ಆಗಿದ್ದಿದ್ದರೆ ಎಂದು ಕೇಳಲು ಬಾಯಿ ತೆರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೇಳಲಿಲ್ಲ.

"ಝಡ್ ಮಾಡಿ ಮೇಡಂ," ಅಂದಳು ಪವಿತ್ರ. ಚೀಟಿ ವಾಪಸು ಕೊಡುತ್ತಾ, "ಒಳಗೆ ಅಮ್ಮ ಬರ್ಲಿ. ಅಪ್ಪ ಬೇಡ."

ಅಷ್ಟು ಸಹಜವಾಗಿ ಹೇಳಿದಳು. ಕೋಪವಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಮುಂದಿನ ವಾರ ಬೇಲೂರಿನಲ್ಲಿ ಮುಕ್ಕಾಲು ಗಂಟೆ ಕ್ಲಿನಿಕ್ಕಿನ ಹೊರಗೆ ನಿಂತೆ. ಟೂರಿಸ್ಟ್ ಬಸ್ಸುಗಳಿಂದ ಇಳಿದವರು ದೇವಸ್ಥಾನದ ದಾರಿ ಕೇಳಿದರು, ತೋರಿಸಿದೆ. ನಾಲ್ಕು ಗುಂಪಿಗೆ ತೋರಿಸುವಷ್ಟರಲ್ಲಿ ಗಿರಿಜೆ ಹೊರಗೆ ಬಂದು, "ಆಯ್ತು ಕಣ್ರೀ. ಒಂದ್ಸಲಾನೂ ಅಳ್ಲಿಲ್ಲ," ಎಂದು ಹೇಳಿ ತಾನೇ ಅತ್ತಳು.

ವಾಸಿಯಾಗುವ ತನಕ ಹಳೇಬೀಡಿನಲ್ಲೇ ಇರುತ್ತೇನೆಂದು ಪವಿತ್ರ ಹೇಳಿದಳು. ಕೂಡದು ಎನ್ನುವ ಧೈರ್ಯ ನನಗಿರಲಿಲ್ಲ. ಅವಳೂ ಗಿರಿಜೆಯೂ ಅಲ್ಲೇ ಉಳಿದರು. ನಾನು ಸಂಜೆ ಶಾಲೆ ಬಿಟ್ಟ ಮೇಲೆ ಎರಡು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ನಾಲ್ಕು ದಿನ ತುಟಿ ಊದಿ ಮೂಗಿನ ತನಕ ಬಂದಿತ್ತು. ಆಮೇಲೆ ಇಳಿಯಿತು. ಡಾಕ್ಟರಮ್ಮ ಹೇಳಿದ ದಿನದಿಂದ ಅವಳೇ ಕನ್ನಡಿ ಮುಂದೆ ಕೂತು ವ್ಯಾಯಾಮ ಮಾಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೈ ಬಿಡುತ್ತಿರಲಿಲ್ಲವಂತೆ. ಗಿರಿಜೆ ಹೇಳಿದ್ದು. ನಾನು ಹೋದಾಗ ಕನ್ನಡಿಯ ಕೋಣೆಯ ಬಾಗಿಲು ಹಾಕಿರುತ್ತಿತ್ತು.

ಹೊಲಿಗೆ ಬಿಚ್ಚಿ ಆರು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಹೋದೆ. ಗಿರಿಜೆ ಅಣ್ಣನ ಹೆಂಡತಿಯ ಜೊತೆ ಸಂತೆಗೆ ಹೋಗಿದ್ದಳು. ಪವಿತ್ರ ಜಗಲಿಯ ಮೇಲೆ ಕೂತು ನಾಲಿಗೆಯಿಂದ ತುಟಿಯೊಳಗೆ ಏನೋ ತಡಕುತ್ತಿದ್ದಳು.

"ಏನಾಯ್ತು?" ಅಂದೆ.

"ಏನೋ ಚುಚ್ತಿದೆ. ಹೊಲಿಗೆ ಒಂದು ಉಳ್ಕೊಂಡಿದೆ ಅನ್ಸುತ್ತೆ. ಕನ್ನಡೀಲಿ ಕಾಣಲ್ಲ."

ನಾನು ಇದ್ದಲ್ಲೇ ನಿಂತೆ. ಅಮ್ಮ ಬರಲಿ ಎನ್ನುತ್ತಾಳೆಂದು ಕಾದೆ. ಅವಳು ಒಂದು ನಿಮಿಷ ನನ್ನ ಮುಖ ನೋಡಿದಳು.

"ನೀವು ನೋಡಿ. ಮುಟ್ಬೇಡಿ, ನೋಡಿ ಅಷ್ಟೆ."

ಬಿಸಿಲಿಗೆ ಮುಖ ಮಾಡಿ ಕೂತು, ತನ್ನ ಎರಡು ಬೆರಳಿನಿಂದ ತಾನೇ ಮೇಲ್ತುಟಿ ಎತ್ತಿದಳು. ನಾನು ಅವಳ ಎದುರು ಮಂಡಿಯೂರಿ ಕೂತೆ. ಒಳಗೆ ಗುಲಾಬಿ ಬಣ್ಣದ ಒಂದು ಅಂಕುಡೊಂಕು ಗೆರೆ. ಅದರ ಕೆಳಗೆ ಹಲ್ಲಿನ ನಡುವೆ ಹೊಸ ತೊಗಲು, ಇನ್ನೂ ನೀರಿನಂತೆ ತೆಳು. ಎಡಗಡೆಯ ಹಲ್ಲಿನ ಬೇರಿನ ಅಂಚು ಸ್ವಲ್ಪ ಬರಿದಾಗಿತ್ತು. ಅದು ಹಾಗೇ ಉಳಿಯಬಹುದು. ಗೆರೆಯ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ದಾರ. ಇಷ್ಟು ಪುಟ್ಟ ಜಾಗ. ಹನ್ನೆರಡು ವರ್ಷದಲ್ಲಿ ಅವಳ ತುಟಿಯ ಒಳಗೆ ಏನಿದೆಯೆಂದು ನಾನು ಕಣ್ಣಿಟ್ಟು ನೋಡಿದ್ದು ಇದೇ ಮೊದಲು.

"ಇದ್ಯಾ?"

"ಒಂದು ಉಳಿದಿದೆ. ನಾಳೆ ಬೇಲೂರಿಗೆ ಹೋಗಿ ತೆಗೆಸೋಣ."

"ಕೂಡಿಲ್ಲ ತಾನೆ?"

"ಇಲ್ಲ ಪುಟ್ಟಿ," ಅಂದೆ. "ಕೂಡಿಲ್ಲ."

ಅವಳು ತುಟಿ ಬಿಡಲಿಲ್ಲ. ಇನ್ನೊಂದು ಸಲ ಸರಿಯಾಗಿ ನೋಡಿ ಎನ್ನುವಂತೆ ಇನ್ನಷ್ಟು ಎತ್ತಿ ಹಿಡಿದು, ನಾನು ನೋಡಿ ಮುಗಿಸುವ ತನಕ ಕಾದಳು.